ಬೋಟಿನ ಲೈಟಿಗೂ ಚೀಟಿಯಲ್ಲಿ ಒಂದ್ ಸಾಲ್ ಇರ್ಲಿ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು ಕಡಲಿಗೆ ಹೋಗುವಂತಿಲ್ಲ. ಬೋಟ್ ದಡದಲ್ಲಿ, ಖರ್ಚಿನ ಚೀಟಿ ಮನೆಯಲ್ಲಿ. ಬಲೆಗೆ ಇಷ್ಟ್, ಇಂಜಿನ್ನಿಗೆ ಇಷ್ಟ್, ಪೇಂಟಿಗೆ ಇಷ್ಟ್ ಅಂದೇಳಿ ಬರ್ದಿರ್ತ್. ಲೈಟಿಗೆ ಅಂತ ಒಂದ್ ಸಾಲ್ ಕಂಡವ್ರ್ ಯಾರಾದ್ರೂ ಇದ್ರಾ? ಹೋದ್ರೆ ಹೊಸ ಬಲ್ಬ್ ಹಾಕ್ರಾಯ್ತ್ ಅಂತ್ರ್. ನಂಗೆ ಅದ್ ಸಮ ಕಾಣ್ತಿಲ್ಲ.

ಎಷ್ಟೋ ಸಲ ಹಾಳಾಪುದ್ ಬಲ್ಬ್ ಅಲ್ಲ, ಹೋಲ್ಡರ್. ಕಡಲ ಬದಿ ಮನೆಯವ್ರಿಗೆ ಇದ್ ಹೊಸ್ತಲ್ಲ. ಜಗಲಿ ಹೊರಗಿನ ಲೈಟ್ ಬಿಚ್ಚಿ ಕಾಣಿ, ಹಸಿರು ಕಿಲುಬು. ಮನೆ ಲೈಟಿನ ಪಾಡೇ ಹೀಂಗಾದ್ರೆ, ದಿನಾ ಉಪ್ಪುನೀರಲ್ಲಿ ಮೀವ ಬೋಟಿನ ಲೈಟ್ ಎಂತ ಆಗ್ಬೇಡ?

ಕೆಲಸ ದೊಡ್ಡದಲ್ಲ. ಮೊದ್ಲು ಬ್ಯಾಟರಿಯ ವಯರ್ ತಪ್ಪಿಸ್ಕ್. ಕಿಲುಬನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಬಲ್ಬ್ ಕೂರಿಸಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರ್ಕ್. ಗಾಜಿನ ಅಡಿಯ ರಬ್ಬರ್ ವಾಶರ್ ಕುಕ್ಕರಿನದ್ರ ಹಾಂಗೇ, ಗಟ್ಟಿಯಾದ್ರೆ ಬದಲ್ಸುದೇ. ವಯರ್ ಲೈಟಿನೊಳಗೆ ಹೋಪು ಮೊದ್ಲು ಕೆಳಗೊಂದು ಬಳುಕು ಬಿಟ್ರೆ ನೀರ್ ಅಲ್ಲೇ ತೊಟ್ಟಿಕ್ಕಿ ಹೋತ್ತ್. ತಿರುಚಿ ಟೇಪ್ ಸುತ್ತುವ ಜೋಡಣೆ ಮಾತ್ರ ಬೇಡವೇ ಬೇಡ. ಟೇಪ್ ಬಿಸಿಲಿಗೆ ಬಿಚ್ಕಂತ್, ನೀರ್ ವಯರಿನೊಳಗೇ ಏರಿ ತಾಮ್ರ ಕಪ್ಪಾತ್ತ್, ಲೈಟ್ ಮಂಕಾತ್ತ್. ತವರ ಲೇಪಿಸಿದ ತಾಮ್ರದ ವಯರಿಗೆ ದುಡ್ಡು ಜಾಸ್ತಿ, ಆದ್ರೂ ಅದನ್ನೇ ತರ್ಸಿ.

ಬೋಟಿನ ಮುಂದಕ್ಕೆ ಮುಖ ಮಾಡಿ ನಿಂತ್ರೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ರಾತ್ರಿ ಎರಡು ಬಣ್ಣವೂ ಒಟ್ಟಿಗೆ ಕಂಡ್ರೆ ಬೋಟ್ ತಮ್ಮತ್ರವೇ ಬತ್ತಿತ್ತ್ ಅಂದೇಳಿ ಹಡಗಿನವ್ರಿಗೆ ತಿಳಿತ್ತ್. ಒಂದು ಆರಿದ್ರೆ, ಪಕ್ಕದಲ್ಲಿ ದಾಟಿ ಹೋತ್ತ್ ಅಂತ ತಪ್ಪು ತಿಳಿವುದು. ಟ್ರಾಲ್ ಬಲೆ ಎಳೆವಾಗ ಹಸಿರು, ಅದರ ಕೆಳಗೆ ಬಿಳಿ, ಎರಡೂ ಸುತ್ತಲಿಂದ ಕಾಂಬ ಹಾಂಗೆ ಉರೀಕ್. ಬಲೆ ನೀರಲ್ಲಿಪ್ಪ ಬೋಟ್ ಬೇಗ ತಿರುಗುಕೆ ಎಡಿಯ, ದಾರಿ ಬಿಡಿ ಅಂದೇಳಿ ಅದ್ರ ಅರ್ಥ. ಆ ಮಾತ್ ಮಂಕು ಬಲ್ಬಿನಲ್ಲಿ ಹೇಳುಕಾತ್ತಾ?

ಮೀನು ಸೇರ್ಸುವ ಎಲ್‌ಇಡಿ ಲೈಟಿನ ಮಾತು ಇದಲ್ಲ. ಅದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿತ್ತ್. ಅಂಥದ್ದಕ್ಕೆ ಜನರೇಟರ್ ತಪ್ಪುಕೆ ದುಡ್ಡು ಹುಟ್ಟುತ್ತ್, ಜೀವ ಕಾಯುವ ಲೈಟಿಗೆ ಇಲ್ಲ!

ಈ ಸಲ ಚೀಟಿಯಲ್ಲಿ ಪೇಂಟಿಗಿಂತ ಮೇಲೆ ಲೈಟ್ ಬರೆಸಿ. ಹೆಣ್ಮಕ್ಳಿಗೆ ಎಂತ ಗೊತ್ತು ಅಂದ್ರೆ ಅನ್ಲಿ. ಬೋಟ್ ನೀರಿಗಿಳಿಸು ಮೊದ್ಲು ಒಂದ್ ದಿನ ಕತ್ತಲಾದ ಮೇಲೆ ಎಲ್ಲಾ ಲೈಟ್ ಹಾಕ್ಸಿ, ದೂರ ನಿಂತ್ ಎಡ, ಬಲ, ಹಿಂದೆ ಕಂಡ್ಕಣಿ. ವಯರಿಂಗಿನವ್ರ ದುಡ್ಡು ಆಮೇಲೆ ಕೊಟ್ರಾಯ್ತ್.