ಬಾಡಿಗೆ ಎಷ್ಟು ಹೇಳೋದು?

ಬೆಂಗಳೂರಲ್ಲಿ ಸಾಲ ಮಾಡಿ ಎರಡನೇ ಫ್ಲಾಟ್ ಕೊಂಡವರು ಸಾಮಾನ್ಯವಾಗಿ ಬಾಡಿಗೆ ಹೇಳೋದು ಇಎಂಐ ನೋಡಿಕೊಂಡು. ಅಲ್ಲ ಸ್ವಾಮಿ, ನಿಮ್ಮ ಬ್ಯಾಂಕಿನ ಸಾಲಕ್ಕೂ ಬಾಡಿಗೆಗೆ ಬರುವವರಿಗೂ ಏನು ಸಂಬಂಧ? ಅವರು ನೋಡೋದು ಪಕ್ಕದ ಬೀದೀಲಿ ಅಂಥದೇ ಮನೆ ಎಷ್ಟಕ್ಕೆ ಸಿಗುತ್ತೆ, ಬೇಸಿಗೇಲಿ ನೀರು ಬರುತ್ತಾ ಅಂತ. ಅಷ್ಟೇ.

ಲೆಕ್ಕ ಹಾಕಿ ನೋಡಿ. 25,000ಕ್ಕೆ ಹೋಗೋ ಮನೆಗೆ 27,000 ಹೇಳಿ ಒಂದೇ ಒಂದು ತಿಂಗಳು ಖಾಲಿ ಬಿದ್ದರೆ ಆ ವರ್ಷ ಕೈಗೆ ಬರೋದು 2,97,000. ಮೊದಲೇ 25,000ಕ್ಕೆ ಕೊಟ್ಟಿದ್ದರೆ 3,00,000! ಖಾಲಿ ತಿಂಗಳ ಮೇಂಟೆನೆನ್ಸ್ ಬೇರೆ ನಮ್ಮ ಜೇಬಿಂದಲೇ. ಎರಡು ತಿಂಗಳು ಖಾಲಿ ಇದ್ದರಂತೂ ಕೇಳೋದೇ ಬೇಡ..

ಇನ್ನು ಅಡ್ವಾನ್ಸು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಬೇಡ ಅನ್ನುತ್ತೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ನಮ್ಮೂರಲ್ಲಿ ಹತ್ತು ತಿಂಗಳದ್ದು ಕೇಳೋರು ಈಗಲೂ ಇದ್ದಾರೆ. ಎರಡೂವರೆ ಲಕ್ಷ ಒಟ್ಟಿಗೆ ಹೊಂದಿಸೋಕಾಗದ ಒಳ್ಳೆ ಸಂಸಾರಸ್ಥರು ಗೇಟಿಂದಲೇ ವಾಪಸ್ಸು ಹೋಗ್ತಾರೆ.

ನಾನಂತೂ ಅಕ್ಕಪಕ್ಕದ ದರಕ್ಕಿಂತ ಐನೂರು ಕಮ್ಮೀನೇ ಹೇಳ್ತೀನಿ. ಟು-ಲೆಟ್ ಬೋರ್ಡು ಎರಡನೇ ಭಾನುವಾರದೊಳಗೆ ಕೆಳಗಿಳೀಬೇಕು, ಇಳೀದಿದ್ರೆ ಇನ್ನೊಂದು ಐನೂರು ಇಳಿಸೋದೇ.