ಗುಡ್ಡದ ಮಣ್ಣು ಗಜನಿಗೆ ಬೀಳುವ ಮುನ್ನ

ಮಣ್ಣೆಂದರೆ ಎಲ್ಲವೂ ಒಂದೇ ಎಂಬ ಭಾವನೆ ನಮ್ಮಲ್ಲಿ ಬೇರೂರುತ್ತಿದೆ. ಗುಡ್ಡ ಕಡಿದಾಗ ಸಿಗುವ ಕೆಂಪು ಮಣ್ಣು ಲಾರಿಯ ಲೆಕ್ಕದಲ್ಲಿ ಮಾರಾಟವಾಗುವ ಸರಕು. ತಗ್ಗಿನ ಗದ್ದೆಯೋ ಗಜನಿಯೋ ಅದನ್ನು ಸುರಿಯಲು ಒದಗಿದ ಖಾಲಿ ಜಾಗ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಈ ವ್ಯವಹಾರ ದಿನನಿತ್ಯದ ನೋಟವಾಗಿದೆ. ಒಂದು ಲಾರಿ ಮಣ್ಣಿನಿಂದ ಎರಡು ನೆಲಗಳು ಹಾಳಾಗುತ್ತವೆ ಎಂಬ ಸತ್ಯವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಮಣ್ಣು ಹುಟ್ಟುವುದು ಐದು ಸಂಗತಿಗಳಿಂದ: ತಳದ ಶಿಲೆ, ಹವೆ, ಜೀವಿಗಳು, ನೆಲದ ಏರಿಳಿತ ಮತ್ತು ಕಾಲ. ಹಾನ್ಸ್ ಜೆನ್ನಿ ಎಂಬ ವಿಜ್ಞಾನಿ 1941ರಲ್ಲಿ ಈ ವಿಚಾರವನ್ನು ಸೂತ್ರರೂಪಕ್ಕೆ ತಂದ. ಐದರಲ್ಲಿ ಒಂದು ಬದಲಾದರೂ ಮಣ್ಣು ಬೇರೆಯಾಗುತ್ತದೆ. ಮಳೆ ಕಡಿಮೆಯಿರುವ ಗದಗ, ನವಲಗುಂದದ ಕಡೆ ಸುಣ್ಣದ ಅಂಶ ನೆಲದಲ್ಲಿಯೇ ಉಳಿದು ಎರೆಮಣ್ಣಾಯಿತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬೆನ್ನಿಗೆ ತಿಂಗಳುಗಟ್ಟಲೆ ಬಿಸಿಲು. ಸುಣ್ಣ, ಪೊಟ್ಯಾಶ್, ಸಿಲಿಕಾ ನೀರಿನೊಂದಿಗೆ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಅಂಶಗಳು ಉಳಿದವು. ಲಕ್ಷಾಂತರ ವರ್ಷಗಳ ಈ ತೊಳೆತದ ಫಲವೇ ನಮ್ಮ ಚಿರೆಕಲ್ಲು. 1800ರಲ್ಲಿ ಫ್ರಾನ್ಸಿಸ್ ಬುಕನನ್ ಮಲಬಾರಿನಲ್ಲಿ ಇದನ್ನು ಕಂಡು, 1807ರ ತನ್ನ ಪ್ರವಾಸಗ್ರಂಥದಲ್ಲಿ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟ. ಅದೇ ಪ್ರವಾಸದಲ್ಲಿ ಆತ ನಮ್ಮ ಭಟ್ಕಳ, ಹೊನ್ನಾವರಗಳನ್ನೂ ಹಾದುಹೋಗಿದ್ದ. ನೆಲದೊಳಗೆ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲಿನ ಗುಣವನ್ನು ನಮ್ಮ ಹಿರಿಯರು ಬಹು ಹಿಂದೆಯೇ ಬಲ್ಲವರಾಗಿದ್ದರು. ಮಿರ್ಜಾನ್ ಕೋಟೆ ಅದಕ್ಕೆ ಸಾಕ್ಷಿ.

ಒಂದೇ ಮಳೆ ಸುರಿದರೂ ನಮ್ಮ ತಾಲೂಕುಗಳ ನೆಲ ಒಂದೇ ಬಗೆಯಲ್ಲ. ಬೋಳು ಚಿರೆಕಲ್ಲಿನ ಬೇಣದ ಮೇಲೆ ಬೆರಳುದ್ದದ ಮಣ್ಣೂ ಇರುವುದಿಲ್ಲ. ಆದರೂ ಮಳೆಗಾಲದಲ್ಲಿ ಅಲ್ಲಿ ಪುಟ್ಟ ಹೂಗಿಡಗಳ ಹಾಸು ಏಳುತ್ತದೆ. ಹೊನ್ನಾವರದ ಕರಿಕಾನಮ್ಮನ ಕಾಡಿನಲ್ಲಿ ಎಲೆಕೊಳೆಯ ಕಪ್ಪು ಹೊದಿಕೆ ಮಳೆಯನ್ನು ಹೀರಿ ನಿಧಾನವಾಗಿ ಬಿಡುತ್ತದೆ. ಕಾಡಿನ ಸಾರವೆಲ್ಲ ಇರುವುದು ಆ ತೆಳು ಹೊದಿಕೆಯಲ್ಲಿಯೇ. ಮರ ಕಡಿದರೆ ಕೆಲವೇ ಮಳೆಗಾಲಗಳಲ್ಲಿ ಅದು ಹೊಳೆ ಸೇರುತ್ತದೆ. ಸೊಪ್ಪಿನ ಬೆಟ್ಟದಿಂದ ದರಕು ತಂದು ಅಡಿಕೆ ತೋಟಕ್ಕೆ ಹಾಕುವ ನಮ್ಮ ರೂಢಿಯು ಮಳೆ ತೊಳೆದೊಯ್ದ ಸಾರವನ್ನು ಮರಳಿ ತುಂಬುವ ಉಪಾಯವಲ್ಲದೆ ಬೇರೇನೂ ಅಲ್ಲ.

ಇನ್ನು ಅಘನಾಶಿನಿಯ ಅಳಿವೆಯ ಗಜನಿ. ಹೊಳೆ ತಂದ ಗೋಡು, ಉಬ್ಬರ ತಂದ ಉಪ್ಪು, ಕಾಂಡ್ಲಾ ಗಿಡಗಳ ಕೊಳೆ ಸೇರಿ ಆದ ನೆಲ ಅದು. ಮುಂಗಾರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ, ಕೊಯ್ಲಿನ ನಂತರ ಮೀನು, ಸಿಗಡಿ. ಇಂಥ ಅಳಿವೆಯ ಕೆಸರಿನಲ್ಲಿ ಗಂಧಕದ ಅಂಶವಿರುತ್ತದೆ. ನೀರಿನಡಿಯಲ್ಲಿರುವವರೆಗೆ ಅದು ನಿರುಪದ್ರವಿ. ನೀರು ಬಸಿದು ಗಾಳಿ ತಾಗಿದರೆ ಆಮ್ಲವಾಗಿ ಬೆಳೆಯನ್ನೂ ಮೀನನ್ನೂ ಕೆಡಿಸುತ್ತದೆ. ಈ ನೆಲಕ್ಕೆ ಹೊಸ ಗೋಡು ಹೊಳೆಯಿಂದಲೇ ಬರಬೇಕು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದು ನಮ್ಮ ಭಾಗ್ಯ. ಶರಾವತಿಯ ಗೋಡು 1964ರಿಂದ ಲಿಂಗನಮಕ್ಕಿಯಲ್ಲಿ ತಡೆದು ನಿಲ್ಲುತ್ತಿದೆ. ಹೊನ್ನಾವರದ ಅಳಿವೆ ಆ ನಷ್ಟವನ್ನು ಈಗಲೂ ಭರಿಸುತ್ತಿದೆ.

ಈಗ ಆ ಲಾರಿಯ ಕಡೆ ಮರಳೋಣ. ಚಿರೆಕಲ್ಲಿನ ಗಟ್ಟಿ ಟೊಪ್ಪಿಗೆಯ ಕೆಳಗೆ ಅನೇಕ ಕಡೆ ಬಿಳಿಚು ಬಣ್ಣದ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಅದು ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದಾಗ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಗುಡ್ಡವನ್ನು ನೆಟ್ಟಗೆ ಕಡಿದರೆ ಈ ಪದರ ಬಯಲಾಗುತ್ತದೆ. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಜಾರಿ ಒಂದೇ ಮನೆಯ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ನೆರೆಯ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿಯಿತು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಮಳೆಯನ್ನು ನಾವು ತಡೆಯಲಾರೆವು. ಗುಡ್ಡದ ಬುಡ ಕಡಿಯುವುದನ್ನು ತಡೆಯಬಲ್ಲೆವು.

ಹಾಗೆ ಕಡಿದ ಮಣ್ಣು ಗಜನಿಗೆ ಬಿದ್ದಾಗ ಎರಡನೆಯ ನಷ್ಟ. ಸಾರವಿಲ್ಲದ ಆ ಕೆಂಪು ಮಣ್ಣಿನಲ್ಲಿ ಕಗ್ಗವೂ ಬೆಳೆಯದು, ಮೀನೂ ಮರಿ ಮಾಡದು. ಉಬ್ಬರದ ನೀರು ಹರಡುವ ಜಾಗ ಕಳೆದುಕೊಂಡು ಪಕ್ಕದ ಕೇರಿಗೆ ನುಗ್ಗುತ್ತದೆ.

ರಸ್ತೆ ಬೇಡವೇ, ಮನೆ ಕಟ್ಟುವುದು ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆದರೆ ಎಲ್ಲಿ, ಎಷ್ಟು ಇಳಿಜಾರಿನಲ್ಲಿ ಕಡಿಯಬೇಕು, ಯಾವ ನೆಲವನ್ನು ಮುಟ್ಟಲೇಬಾರದು ಎಂಬ ತಿಳಿವಳಿಕೆಯೂ ಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಹೊಲದ ಸಾರಜನಕ, ರಂಜಕಗಳನ್ನು ಹೇಳುತ್ತದೆ. ಗುಡ್ಡದ ಪದರವನ್ನು ಹೇಳುವುದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲಿ ಸಿದ್ಧವಾಗಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಊರಿನ ಮಣ್ಣುಗಳಿಗೂ ಒಂದು ಅಧ್ಯಾಯವಿರಲಿ. ಬೇಣ, ಬೆಟ್ಟ, ಮಕ್ಕಿ, ಬೈಲು, ಗಜನಿ ಎಂದು ನೆಲವನ್ನು ಬೇರ್ಪಡಿಸಿ ಗುರುತಿಸಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ವಿದ್ಯಾರ್ಥಿಗಳು ಅವರ ಜೊತೆ ನಡೆಯಲಿ. ಕಡಿದ ಧರೆಯಿಂದ ದೂರ ನಿಂತು ಅದರ ಪದರಗಳನ್ನು ಎಣಿಸಿ ಚಿತ್ರ ಬರೆಯಲಿ. ಗ್ರಾಮಸಭೆಯಲ್ಲಿ ಮಣ್ಣು ತೆಗೆಯುವ ಅರ್ಜಿ ಬಂದ ದಿನ ಆ ಚಿತ್ರ ಮೇಜಿನ ಮೇಲಿರಲಿ.

ಒಂದು ಅಂಗುಲ ಮಣ್ಣು ಆಗಲು ನೂರಾರು ಮಳೆಗಾಲ ಬೇಕು. ಲಾರಿ ತುಂಬಲು ಹತ್ತು ನಿಮಿಷ ಸಾಕು.