ಒಂದು ಬಳ್ಳಿಗೆ ಒಂದೇ ಕುಂಬಳ

ಆಲೂರು, ಸಕಲೇಶಪುರದ ಕಡೆ ಹಿತ್ತಿಲ ಕುಂಬಳದ ಮೇಲೆ ಪ್ರತಿ ವರ್ಷವೂ ಒಂದೇ ದೂರು. ಬಳ್ಳಿ ಬೇಲಿ ದಾಟಿ ಹಬ್ಬುತ್ತದೆ, ಹೂವು ಬೇಕಾದಷ್ಟು ಬಿಡುತ್ತದೆ, ಆದರೆ ಗೋಲಿಯಷ್ಟಾದ ಕಾಯಿ ಹಳದಿಯಾಗಿ ಉದುರಿಹೋಗುತ್ತದೆ. ಮಕ್ಕಳು ಬೆರಳು ಮಾಡಿ ತೋರಿಸಿದ್ದರಿಂದಲೇ ಹೀಗಾಯಿತು ಎಂದು ಅಜ್ಜಿ ಗದರುತ್ತಾರೆ. ಗೊಬ್ಬರ ಸಾಲದು ಎನ್ನುತ್ತಾರೆ ಅಪ್ಪ. ಬಹಳಷ್ಟು ಸಲ ತಪ್ಪು ಬೆರಳಿನದೂ ಅಲ್ಲ, ಗೊಬ್ಬರದ್ದೂ ಅಲ್ಲ, ಮಳೆಯದು.

ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಉದ್ದನೆಯ ತೆಳು ತೊಟ್ಟಿನ ಮೇಲೆ ನಿಂತದ್ದು ಗಂಡು. ದಳಗಳ ಬುಡದಲ್ಲಿ ಪುಟ್ಟ ಕಾಯಿ ಹೊತ್ತದ್ದು ಹೆಣ್ಣು. ಎರಡೂ ಬೆಳಗಾಗುತ್ತಲೇ ಅರಳಿ ಬಿಸಿಲೇರುವಾಗ ಮುದುಡುತ್ತವೆ. ಹೆಣ್ಣು ಹೂವಿಗೆ ಸಿಗುವುದು ಆ ಒಂದು ಬೆಳಗು ಮಾತ್ರ. ಮಲೆನಾಡಿನ ಜಡಿಮಳೆಯಲ್ಲಿ ಜೇನ್ನೊಣ ಹೊರಗೆ ಬರುವುದಿಲ್ಲ, ಪರಾಗವೂ ತೊಯ್ದು ಹಾಳಾಗುತ್ತದೆ. ಪರಾಗ ಮುಟ್ಟದ ಕಾಯಿ ನಿಲ್ಲುವುದಾದರೂ ಹೇಗೆ?

ಆದ್ದರಿಂದ ದೊಡ್ಡ ಕಾಯಿಯ ಆಸೆಯಿರುವ ವಿದ್ಯಾರ್ಥಿ ಮೊದಲು ಕ್ಯಾಲೆಂಡರ್ ನೋಡಬೇಕು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಬೀಜ ಊರಿದರೆ ಆರೇಳು ವಾರಕ್ಕೆ, ಮಳೆ ಇಳಿಯುತ್ತಾ ದಸರಾ ರಜೆ ಹತ್ತಿರವಾಗುವ ಹೊತ್ತಿಗೆ ಹೂವು ಬರುತ್ತದೆ. ನೀರು ನಿಲ್ಲದಂತೆ ಮಣ್ಣನ್ನು ಗುಡ್ಡೆ ಮಾಡಿ, ಒಂದು ಬುಟ್ಟಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಈ ಕಡೆಯ ಮಣ್ಣಿಗೆ ಹುಳಿ ಹೆಚ್ಚು. ಎರಡು ವಾರ ಮುಂಚೆಯೇ ಒಂದು ಹಿಡಿ ಸುಣ್ಣ ಹಾಕಿದರೆ ಒಳ್ಳೆಯದು. ನಾಲ್ಕು ಬೀಜ ಊರಿ, ಗಟ್ಟಿಯಾದ ಒಂದು ಸಸಿ ಉಳಿಸಿಕೊಂಡರೆ ಸಾಕು. ಎಳೆ ಎಲೆ ತಿನ್ನುವ ಕೆಂಪು ದುಂಬಿಗೆ ಒಲೆಯ ಬೂದಿಯೇ ಮದ್ದು. ಬೀಜದ ಜಾತಿಯನ್ನೂ ವಿಚಾರಿಸಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕ ಚಂದನ್’ ಊಟಕ್ಕೆ ಸೊಗಸು, ಆದರೆ ಅದರ ಕಾಯಿ ಎರಡು ಮೂರು ಕಿಲೋದ್ದು. ಅದರಿಂದ 20 ಕಿಲೋ ನಿರೀಕ್ಷಿಸಿ ಅಳುವುದು ಬೇಡ.

ಹೂವು ಬಂದಾಗ ಕೆಲಸ ಸುಲಭ. ಹೊಸದಾಗಿ ಅರಳಿದ ಗಂಡು ಹೂವು ಕಿತ್ತು, ದಳ ಬಿಡಿಸಿ, ನಡುವಿನ ಪರಾಗವನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಬೇಕು.

ತಾಯಿ ತಂದೆಯರು ಗಮನಿಸಬೇಕಾದದ್ದು ಇಲ್ಲಿದೆ. ಹೂವು ಅರಳುವ ಹೊತ್ತು ಈ ಎರಡು ತಾಲ್ಲೂಕುಗಳಲ್ಲಿ ಆನೆ ತೋಟದಿಂದ ತೋಟಕ್ಕೆ ದಾಟುವ ಹೊತ್ತೂ ಹೌದು. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಇಲ್ಲಿನ ಆನೆಗಳನ್ನು ಹಿಡಿದು ಸಾಗಿಸಲು ಸಲಹೆ ಮಾಡಿತ್ತು. ಹಲವನ್ನು ಸಾಗಿಸಿದ ಮೇಲೂ ಕಾಟ ನಿಂತಿಲ್ಲ. ಆದ್ದರಿಂದ ಕುಂಬಳದ ಗುಂಡಿ ತೋಟದ ಅಂಚಿನಲ್ಲಿ ಬೇಡ, ಬಚ್ಚಲ ಹಿಂದೆ ಅಡುಗೆಮನೆಗೆ ಕಾಣುವಂತೆ ಇರಲಿ. ಕತ್ತಲಲ್ಲಿ ಟಾರ್ಚ್ ಹಿಡಿದು ಮಗು ಹೊರಡುವುದು ಬೇಡವೇ ಬೇಡ. ಚೆನ್ನಾಗಿ ಬೆಳಕು ಹರಿದ ಮೇಲೆ, ಏಳು ಗಂಟೆಗೆ ಹೋದರೂ ಹೂವು ಕಾದಿರುತ್ತದೆ. ಆನೆ ಹತ್ತಿರದಲ್ಲಿದೆ ಎಂಬ ಸುದ್ದಿ ಬಂದ ದಿನ ಆ ಹೂವು ಹೋದರೆ ಹೋಗಲಿ.

ಮೂರು ನಾಲ್ಕು ಕಾಯಿ ಕಚ್ಚಿದ ಮೇಲೆ ಮನೆಯಲ್ಲಿ ಜಗಳ ಶುರು. ಒಂದನ್ನುಳಿಸಿ ಮಿಕ್ಕದ್ದನ್ನು ಕೀಳಬೇಕು, ಎಲೆಗಳು ತಯಾರಿಸಿದ ಸಕ್ಕರೆಯೆಲ್ಲ ಆ ಒಂದಕ್ಕೇ ಸೇರಬೇಕು. ಸಾಂಬಾರಿಗೆ ಕಾಯಿ ಎಣಿಸಿಟ್ಟ ಅಮ್ಮನಿಗೆ ಇದು ಒಪ್ಪುವ ಮಾತಲ್ಲ. ಅಮ್ಮನಿಗೊಂದು ಗುಂಡಿ, ಮಗಳಿಗೊಂದು ಗುಂಡಿ ಎಂದು ಮೊದಲೇ ಮಾಡಿಕೊಂಡರೆ ಶಾಂತಿ. ಕಿತ್ತ ಎಳೆಗಾಯಿ ಪಲ್ಯಕ್ಕಾಗುತ್ತದೆ.

ಉಳಿದ ಕಾಯಿಯ ಅಡಿಗೆ ಒಣಹುಲ್ಲು ಹಾಸಿ, ಭಾನುವಾರಕ್ಕೊಮ್ಮೆ ದಾರ ಸುತ್ತಿ ಸುತ್ತಳತೆ ಬರೆದಿಡಬಹುದು. ಆಕಾರ ಬದಲಾಗದೆ ಸುತ್ತಳತೆ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟು. ಘನಫಲದ ಪಾಠ ಹಿತ್ತಿಲಲ್ಲೇ ಆಯಿತು. ಅಮೆರಿಕದಲ್ಲಿ ಟ್ರಾವಿಸ್ ಗಿಂಜರ್ 2023ರಲ್ಲಿ ಬೆಳೆದು ವಿಶ್ವದಾಖಲೆ ಮಾಡಿದ ಕುಂಬಳ 1,246 ಕಿಲೋ ದಾಟಿತ್ತು. ಅಂಥ ದೈತ್ಯ ಜಾತಿ ನೋಡುವುದಕ್ಕೆ ಚೆಂದ, ರುಚಿಯಲ್ಲಿ ಸಪ್ಪೆ.

ಹಿತ್ತಿಲ ಕಾಯಿಯ ತೊಟ್ಟು ಒಣಗಿ, ಸಿಪ್ಪೆಗೆ ಉಗುರು ಇಳಿಯದಂತಾದಾಗ ತೊಟ್ಟಿನ ಸಮೇತ ಕೊಯ್ಯಬೇಕು. ಬಲಿತ ಕಾಯಿಯನ್ನು ರಾತ್ರಿ ಹೊರಗೆ ಬಿಡದೆ ಅಟ್ಟಕ್ಕೆ ಸೇರಿಸಿದರೆ ತಿಂಗಳುಗಟ್ಟಲೆ ಕೆಡದು. ಅದಕ್ಕೆ ಮೊದಲು ತೂಕ ಆಗಬೇಕಲ್ಲ. ಅಂಗಡಿಯ ತಕ್ಕಡಿ ಸಾಲದಿದ್ದರೆ ಪಕ್ಕದ ತೋಟದಲ್ಲಿ ಕಾಫಿ ಮೂಟೆ ತೂಗುವುದು ಇದ್ದೇ ಇದೆ.